ಎಟಿವಿ ಹಿಂದಿನ ಬ್ರೇಕ್ ಬಿಡ್ತಾನೇ ಇಲ್ಲ: ಕ್ಯಾಲಿಪರ್ ಹೊಸದು ಹಾಕ್ಲಾ, ಬಿಚ್ಚಿ ನೋಡ್ಲಾ?

ಕಾಫಿಗಿಡ
ಎಲ್ರಿಗೂ ನಮಸ್ಕಾರ. ಸಕಲೇಶಪುರದ ಕಡೆ ತೋಟ ನಮ್ದು. ಒಳಗಿನ ಓಡಾಟಕ್ಕೆ ಸೆಕೆಂಡ್ ಹ್ಯಾಂಡ್ ಎಟಿವಿ (ಬೈಕ್ ತರ ಹ್ಯಾಂಡಲ್ ಇರೋ ನಾಲ್ಕು ಚಕ್ರದ ಕಾಡುದಾರಿ ಗಾಡಿ) ಒಂದಿದೆ. ಚೈನ್ ಡ್ರೈವ್, ಹಿಂದೆ ಈ ಚಕ್ರದಿಂದ ಆ ಚಕ್ರದವರೆಗೆ ಒಂದೇ ಆಕ್ಸಲ್, ಅದರ ಮೇಲೆ ಒಂದೇ ಡಿಸ್ಕ್, ಪ್ಯಾಡ್‌ಗಳನ್ನ ಆ ಡಿಸ್ಕಿಗೆ ಒತ್ತೋ ಒಂದೇ ಕ್ಯಾಲಿಪರ್. ಬಲಗಾಲಿನ ಪೆಡಲ್‌ಗೆ ಆಯಿಲ್ ಬ್ರೇಕ್. ಎಡಗೈ ಕಡೆಯಿಂದ ಪಾರ್ಕಿಂಗ್ ಕೇಬಲ್ಲೂ ಅದೇ ಕ್ಯಾಲಿಪರ್‌ಗೆ ಬಂದು ಸೇರುತ್ತೆ.

ಮಳೆಗಾಲ ಪೂರ್ತಿ ಶೆಡ್ಡಲ್ಲೇ ನಿಂತಿತ್ತು. ಈಗ ಹಣ್ಣು ಕೊಯ್ಲು ಶುರು, ಹೊರಗೆ ತೆಗೆದ್ರೆ ಹಿಂದಿನ ಬ್ರೇಕ್ ಹಿಡ್ಕೊಂಡೇ ಇದೆ. ನ್ಯೂಟ್ರಲ್‌ನಲ್ಲಿ ತಳ್ಳೋಕೂ ಇಬ್ಬರು ಬೇಕು. ಕೆಲಸದವರ ಲೈನ್ ಮನೆಯಿಂದ ಹಣ್ಣು ಸುಲಿಯೋ ಪಲ್ಪರ್ ಹತ್ರ ಹೋಗೋದ್ರೊಳಗೆ ಸುಟ್ಟ ವಾಸನೆ, ಡಿಸ್ಕ್ ಮೇಲೆ ನೀರು ಹಾಕಿದ್ರೆ ಚುಂಯ್ ಅನ್ನುತ್ತೆ. ಪೇಟೆಯ ಗ್ಯಾರೇಜಲ್ಲಿ ತೋರಿಸ್ದೆ. ಹೊರಗಿಂದ ನೋಡೇ "ಕ್ಯಾಲಿಪರ್ ಹೋಯ್ತು ಸಾರ್, ಫುಲ್ ಸೆಟ್ ತರಿಸ್ಬೇಕು" ಅಂದ್ರು. ತರಿಸೋಕೆ ತಿಂಗಳು ಅಂತೆ. ಅಷ್ಟೊತ್ತಿಗೆ ಅರೇಬಿಕಾ ಕೊಯ್ಲೇ ಮುಗಿದಿರುತ್ತೆ. ನಾನೇ ಬಿಚ್ಚಬಹುದಾ? ಸ್ಪ್ಯಾನರ್ ಸೆಟ್ ಇದೆ, ಬ್ರೇಕ್ ಕೆಲಸ ಮಾಡಿ ಅಭ್ಯಾಸ ಇಲ್ಲ.

ಸುಮ್ನೆ_ಓದುವವ
ಡಬ್ಲ್ಯೂಡಿ-40 ಹೊಡೀರಿ, ಬಿಡುತ್ತೆ.

ಹಾಸನ_ಸ್ಪ್ಯಾನರ್
ಮೇಲಿನವರ ಮಾತು ದಯವಿಟ್ಟು ಕೇಳ್ಬೇಡಿ. ಬ್ರೇಕ್ ಪ್ಯಾಡ್ ಹತ್ರ ಸ್ಪ್ರೇ ಎಣ್ಣೆ ಹೊಡೆದ್ರೆ ಬ್ರೇಕ್ ಬಿಡೋದೇನೋ ಬಿಡುತ್ತೆ, ಆಮೇಲೆ ಹಿಡಿಯೋದೇ ಇಲ್ಲ. ತೋಟದ ಇಳಿಜಾರಲ್ಲಿ ಅದು ಗೊತ್ತಾದ್ರೆ ಏನು ಮಾಡ್ತೀರಿ?

ಕಾಫಿಗಿಡ ಅವ್ರೇ, ಬಿಚ್ಚೋಕೆ ಮುಂಚೆ ಒಂದು ಪರೀಕ್ಷೆ ಮಾಡಿ, ಖರ್ಚಿಲ್ಲ. ಸಮ ನೆಲದಲ್ಲಿ ನಿಲ್ಲಿಸಿ, ಮುಂದಿನ ಚಕ್ರಕ್ಕೆ ಕಲ್ಲು ಕೊಡಿ, ಹಿಂದಿನ ಎರಡೂ ಚಕ್ರ ನೆಲ ಬಿಡೋ ಹಾಗೆ ಎತ್ತಿ ಗಟ್ಟಿಯಾಗಿ ಸ್ಟ್ಯಾಂಡ್ ಕೊಡಿ. ಬರೀ ಜಾಕ್ ನಂಬಬೇಡಿ. ನ್ಯೂಟ್ರಲ್‌ಗೆ ಹಾಕಿ ಕೈಯಲ್ಲಿ ಚಕ್ರ ತಿರುಗಿಸಿ. ಬಿಗಿ ಇದ್ಯಾ? ಈಗ ಕ್ಯಾಲಿಪರ್ ಮೇಲಿನ ಬ್ಲೀಡ್ ನಿಪ್ಪಲ್‌ಗೆ (ಆಯಿಲ್, ಗಾಳಿ ಹೊರಗೆ ಬಿಡೋ ತೂತಿನ ಸ್ಕ್ರೂ) ಸಣ್ಣ ಟ್ಯೂಬ್ ಸಿಕ್ಕಿಸಿ, ಬಾಟಲಿಗೆ ಬಿಟ್ಟು, ಕಾಲು ಸುತ್ತು ಸಡಿಲ ಮಾಡಿ.

ಆಯಿಲ್ ಪಿಚಕ್ ಅಂತ ಹಾರಿ ಚಕ್ರ ಸಲೀಸಾಗಿ ತಿರುಗಿದ್ರೆ, ಪ್ರೆಷರ್ ಒಳಗೇ ಸಿಕ್ಕಿಕೊಂಡಿದೆ. ತಪ್ಪು ಕ್ಯಾಲಿಪರ್‌ದಲ್ಲ, ಪೆಡಲ್ ಒತ್ತಿದಾಗ ಆಯಿಲ್ ತಳ್ಳೋ ಮಾಸ್ಟರ್ ಸಿಲಿಂಡರ್ ಕಡೆ ಅಥವಾ ಆಯಿಲ್ ಹೋಸ್ ಕಡೆ. ನಿಪ್ಪಲ್ ಬಿಚ್ಚಿದ್ರೂ ಚಕ್ರ ಬಿಗಿನೇ ಇದ್ರೆ ಕ್ಯಾಲಿಪರ್ ಜಾರೋ ಪಿನ್ನೋ ಪ್ಯಾಡ್ ಒತ್ತೋ ಪಿಸ್ಟನ್ನೋ ಕಚ್ಚಿಕೊಂಡಿದೆ. ಇದು ಗೊತ್ತಾಗದೆ ಕ್ಯಾಲಿಪರ್ ಬದಲಾಯಿಸೋದು ಕಣ್ಣು ಮುಚ್ಚಿ ಕಲ್ಲು ಹೊಡೆದ ಹಾಗೆ.

ಕುಡ್ಲದ_ಗೇರ್
ಅದಕ್ಕೂ ಮೊದಲು ಪಾರ್ಕಿಂಗ್ ಕೇಬಲ್ ನೋಡಿ ಮಾರಾಯ್ರೆ. ಮಳೆಗೆ ಕೇಬಲ್ ಒಳಗೆ ತುಕ್ಕು ಹಿಡಿದು ಅರ್ಧಕ್ಕೇ ನಿಂತಿರ್ತದೆ. ಕೈಯಲ್ಲಿ ಲಿವರ್ ಸಡಿಲ ಕಾಣ್ತದೆ, ಕ್ಯಾಲಿಪರ್ ಕಡೆ ಎಳ್ಕೊಂಡೇ ಇರ್ತದೆ. ಕ್ಯಾಲಿಪರ್ ಹಿಂದೆ ಲಾಕ್ ನಟ್ ಇರುವ ಅಡ್ಜಸ್ಟರ್ ಬೋಲ್ಟ್ ಉಂಟಲ್ಲ, ಅದನ್ನು ಯಾರೋ ಬಿಗಿ ಮಾಡಿದ್ರೂ ಇದೇ ಕತೆ. ಎರಡನ್ನೂ ಸಡಿಲ ಮಾಡಿ ನೋಡಿ, ಆಮೇಲೆ ಆಯಿಲ್‌ಗೆ ಕೈ ಹಾಕಿ.

ಉತ್ತರದ_ಗಾಳಿ
ನಮ್ಮ ಕಡೆ ಇಂಥಾ ಗಾಡಿ ಕಮ್ಮಿ ರೀ, ಆದ್ರ ಡಿಸ್ಕ್ ಬ್ರೇಕ್ ಎಲ್ಲಾ ಕಡೆ ಒಂದ ಐತಿ. ಕುಡ್ಲದವ್ರು ಹೇಳಿದ್ದು ಖರೆ. ಇನ್ನೊಂದು: ಚೈನ್ ಭಾಳ ಬಿಗಿ ಇದ್ರೂ, ಆಕ್ಸಲ್ ಬೇರಿಂಗ್ ಹೋಗಿದ್ರೂ ಚಕ್ರ ಹಿಂಗ ಬಿಗಿ ತಿರುಗ್ತಾವ. ಬ್ರೇಕಿಗೆ ಸುಮ್ನ ಬೈಕೋತ ಕುಂದರಬ್ಯಾಡ್ರಿ. ಕ್ಯಾಲಿಪರ್ ಬೋಲ್ಟ್ ಬಿಚ್ಚಿ ಡಿಸ್ಕಿನಿಂದ ಹೊರಗ ಎಳದು ತಂತಿಗೆ ಕಟ್ರಿ, ಹೋಸ್ ಮ್ಯಾಲೆ ಜೋತು ಬಿಡಬ್ಯಾಡ್ರಿ. ಆಮ್ಯಾಲೆ ಚಕ್ರ ತಿರುಗಿಸಿ ನೋಡ್ರಿ. ಆಗೂ ಬಿಗಿ ಇದ್ರ ಬ್ರೇಕಿಂದಲ್ಲ.

ಹಾಸನ_ಸ್ಪ್ಯಾನರ್
ಒಳ್ಳೆ ಮಾತು. ಆದ್ರೆ ಸುಟ್ಟ ವಾಸನೆ, ಡಿಸ್ಕ್ ಕಾಯೋದು ಎರಡೂ ಇರೋದ್ರಿಂದ ಬ್ರೇಕೇ ಅನ್ನೋದು ನೂರಕ್ಕೆ ತೊಂಬತ್ತು. ಕ್ಯಾಲಿಪರ್ ಹೊರಗಿದ್ದಾಗ ಯಾರೂ ಪೆಡಲ್ ಒತ್ತದ ಹಾಗೆ ನೋಡ್ಕೊಳ್ಳಿ. ಮಕ್ಕಳು ಗಾಡಿ ಹತ್ತಿ ಕೂತು ಒತ್ತಿಬಿಡ್ತಾರೆ, ಪಿಸ್ಟನ್ ಈಚೆ ಬಂದು ಆಯಿಲೆಲ್ಲಾ ನೆಲಕ್ಕೆ.

ಮಿನ್ನೆಸೋಟಾ_ಕನ್ನಡಿಗ
ನಮ್ಮಲ್ಲಿ ಇದು ಪ್ರತಿ ಚಳಿಗಾಲದ ರೋಗ. ಎಟಿವಿ ಮುಂದೆ ಬ್ಲೇಡ್ ಕಟ್ಟಿ ಮನೆ ಮುಂದಿನ ಹಿಮ ತಳ್ತೀವಿ. ದಾರಿಗೆ ಹಾಕಿದ ಉಪ್ಪೆಲ್ಲಾ ಕ್ಯಾಲಿಪರ್ ಒಳಗೆ. ನಿಮ್ದು ಕೆಮ್ಮಣ್ಣು, ನಮ್ದು ಉಪ್ಪು, ಕೊನೆಗೆ ಕಚ್ಚೋದು ಅದೇ ಪಿನ್.

ಇದು ತೇಲುವ ಜಾತಿಯ ಕ್ಯಾಲಿಪರ್. ಪಿಸ್ಟನ್ ಒಂದೇ ಪಕ್ಕದಲ್ಲಿ ಇರುತ್ತೆ. ಅದು ಒಳಗಿನ ಪ್ಯಾಡನ್ನ ಡಿಸ್ಕಿಗೆ ಒತ್ತುತ್ತೆ. ಆ ಒತ್ತಡಕ್ಕೆ ಇಡೀ ಕ್ಯಾಲಿಪರ್ ಪಿನ್‌ಗಳ ಮೇಲೆ ಜಾರಿ, ಹೊರಗಿನ ಪ್ಯಾಡನ್ನೂ ಎಳೆದು ತರುತ್ತೆ. ಪಿನ್ ಜಾರದಿದ್ರೆ ಹೊರಗಿನ ಪ್ಯಾಡ್ ಹಿಂದೆ ಹೋಗಲ್ಲ, ಉಜ್ಜುತ್ತಾನೇ ಇರುತ್ತೆ. ಎರಡೂ ಪ್ಯಾಡ್ ಹೊರಗೆ ತೆಗೆದು ಪಕ್ಕಪಕ್ಕ ಇಟ್ಟು ನೋಡಿ. ಒಂದು ದಪ್ಪ ಒಂದು ತೆಳು, ಇಲ್ಲಾ ಓರೆ ಸವೆದಿದೆ ಅಂದ್ರೆ ಮೊದಲ ಅನುಮಾನ ಪಿನ್ ಮೇಲೆ.

ಸುಮ್ನೆ_ಓದುವವ
ಅಮೆರಿಕದಲ್ಲಿ ಮೂರು ಚಕ್ರದ ಎಟಿವಿ ಬ್ಯಾನ್ ಮಾಡಿದ್ರಂತೆ, ನಿಜಾನಾ?

ಮಿನ್ನೆಸೋಟಾ_ಕನ್ನಡಿಗ
ಇಲ್ಲಿನ ಗ್ರಾಹಕ ಸುರಕ್ಷತಾ ಆಯೋಗದ ಜೊತೆ 1988ರಲ್ಲಿ ಕೋರ್ಟ್ ಮೂಲಕ ಒಪ್ಪಂದ ಆಯ್ತು, ಕಂಪನಿಗಳು ಹೊಸ ಮೂರು ಚಕ್ರದ್ದು ಮಾರೋದು ನಿಲ್ಲಿಸಿದ್ವು. ಹೋಂಡಾ 1970ರಲ್ಲಿ ಶುರು ಮಾಡಿದ್ದೇ ಮೂರು ಚಕ್ರದ್ದು. ತಿರುವಲ್ಲಿ ಬಹಳ ಮಗುಚ್ತಿದ್ವು.

ಮೂಡಿಗೆರೆಯವಳು
ನಾಲ್ಕು ಚಕ್ರದ್ದೂ ಮಗುಚುತ್ತೆ ಸ್ವಾಮಿ. ರೆಸಾರ್ಟ್‌ಗಳಲ್ಲಿ ಇಬ್ಬರು ಮೂವರನ್ನ ಕೂರಿಸ್ಕೊಂಡು ಹೋಗೋದು ನೋಡಿದ್ರೆ ಎದೆ ಝಲ್ ಅನ್ನುತ್ತೆ. ಬಹುತೇಕ ಮಾದರಿ ಒಬ್ಬರಿಗೇ ಅಂತ ಮಾಡಿರೋದು, ಸೀಟ್ ಉದ್ದ ಇರೋದು ಸವಾರ ಹಿಂದೆ ಮುಂದೆ ಸರಿಯೋಕೆ.

ವಿಷಯಕ್ಕೆ ಬರ್ತೀನಿ. ನಮ್ಮ ತೋಟದಲ್ಲೂ ಇದೇ ಆಗಿತ್ತು. ಮಳೆಗಾಲದಲ್ಲಿ ಗಾಡಿಯನ್ನ ಪಾರ್ಕಿಂಗ್ ಬ್ರೇಕ್ ಎಳೆದು ನಿಲ್ಲಿಸಬಾರದು, ಗೇರಲ್ಲಿ ಬಿಟ್ಟು ಚಕ್ರಕ್ಕೆ ಮರದ ತುಂಡು ಕೊಡ್ಬೇಕು. ಪ್ಯಾಡು ಡಿಸ್ಕು ಎರಡೂ ಒಂದಕ್ಕೊಂದು ಅಂಟಿ ತುಕ್ಕು ಹಿಡಿಯುತ್ತೆ. ಇನ್ನೊಂದು ತಪ್ಪು ಎಲ್ರೂ ಮಾಡೋದು: ಕೆಸರಾಯ್ತು ಅಂತ ಕಾರ್ ವಾಷ್ ಪ್ರೆಷರ್ ಗನ್ ನೇರವಾಗಿ ಕ್ಯಾಲಿಪರ್‌ಗೆ ಹಿಡಿಯೋದು. ರಬ್ಬರ್ ಬೂಟ್ ಸಂದಿಯಲ್ಲಿ ಮಣ್ಣುನೀರು ಒಳಗೆ ನುಗ್ಗಿದ್ರೆ ಹೊರಗೆ ಬರೋ ದಾರಿನೇ ಇಲ್ಲ.

ಕಾಫಿಗಿಡ
ಎಲ್ಲಾ ಓದ್ದೆ. ಪಾರ್ಕಿಂಗ್ ಬ್ರೇಕ್ ಎಳೆದೇ ನಿಲ್ಲಿಸಿದ್ರು ತೋಟದ ಲೆಕ್ಕ ನೋಡೋ ನಮ್ಮ ರೈಟರ್, ಶೆಡ್ ಸ್ವಲ್ಪ ಇಳಿಜಾರು.

ಇವತ್ತು ಮಾಡಿದ್ದು: ಕೇಬಲ್ ಪೂರ್ತಿ ಸಡಿಲ ಮಾಡ್ದೆ, ಅಡ್ಜಸ್ಟರ್ ಬೋಲ್ಟೂ ಹಿಂದಕ್ಕೆ ತೆಗೆದೆ. ವ್ಯತ್ಯಾಸ ಇಲ್ಲ. ಗಾಡಿ ತಣ್ಣಗಿದ್ದಾಗಲೇ ನಿಪ್ಪಲ್ ಬಿಚ್ಚಿದೆ. ಆಯಿಲ್ ಹಾರ್ಲಿಲ್ಲ, ಸುಮ್ನೆ ತೊಟ್ಟಿಕ್ತು. ಬಣ್ಣ ಡಿಕಾಕ್ಷನ್ ತರ ಇದೆ. ಚಕ್ರ ಮಾತ್ರ ಹಾಗೇ ಬಿಗಿ. ಕ್ಯಾಲಿಪರ್ ಹೊರಗೆ ತೆಗೆದ ಮೇಲೆ ಆರಾಮಾಗಿ ತಿರುಗುತ್ತೆ, ಹಾಗಾಗಿ ಬೇರಿಂಗ್ ಸರಿ ಇದೆ. ಹೊರಗಿನ ಪ್ಯಾಡ್ ಒಂದು ಕಡೆ ಓರೆಯಾಗಿ ಸವೆದಿದೆ. ಕೆಳಗಿನ ಪಿನ್ ಜಗ್ಗಿದ್ರೂ ಬರ್ತಿಲ್ಲ.

ಹಾಸನ_ಸ್ಪ್ಯಾನರ್
ಸಿಕ್ತಲ್ಲ! ಪಿನ್ ಒಂದಂತೂ ಖಚಿತ. ಸುತ್ತಿಗೆಯಿಂದ ಹೊಡೀಬೇಡಿ, ಕ್ಯಾಲಿಪರ್ ಅಲ್ಯೂಮಿನಿಯಂ, ಕಿವಿ ಮುರಿಯುತ್ತೆ. ಬೂಟ್ ಎತ್ತಿ ತುಕ್ಕು ಬಿಡಿಸೋ ಎಣ್ಣೆ ಬಿಟ್ಟು ರಾತ್ರಿಯಿಡೀ ಬಿಡಿ. ಪ್ಯಾಡ್ ಹೊರಗಿದೆ ತಾನೇ, ಈಗ ಹೊಡೆದ್ರೆ ತೊಂದ್ರೆ ಇಲ್ಲ, ಆಮೇಲೆ ಪೂರ್ತಿ ತೊಳೀಬೇಕು. ಬೆಳಿಗ್ಗೆ ಪಿನ್ ತಲೆಗೆ ಸ್ಪ್ಯಾನರ್ ಹಾಕಿ ಮುಂದೆ ಹಿಂದೆ ತಿರುಗಿಸ್ತಾ ಎಳೀರಿ. ಎಳೆಯೋದಕ್ಕಿಂತ ತಿರುಗಿಸೋದು ಮುಖ್ಯ.

ಕುಡ್ಲದ_ಗೇರ್
ಆಯಿಲ್ ಡಿಕಾಕ್ಷನ್ ಬಣ್ಣ ಅಂದ್ರೆ ಎಷ್ಟು ವರ್ಷದ್ದೋ ದೇವರಿಗೇ ಗೊತ್ತು. ಪಿಸ್ಟನ್ ಕೂಡ ತೆಗೆಯಿರಿ. ಪಿನ್ ಒಂದು ಮಾಡಿ ಬಿಟ್ರೆ ಅರ್ಧ ಕೆಲಸ.

ಮೆಟ್ರಿಕ್_ಪಾನಾ
ಬ್ರೇಕ್ ಆಯಿಲ್ ದರ್ಜೆಗಳಾದ ಡಾಟ್ 3, ಡಾಟ್ 4 ಎರಡೂ ಗ್ಲೈಕಾಲ್ ಜಾತಿ, ಗಾಳಿಯಿಂದ ನೀರು ಹೀರುತ್ತವೆ. ಮಾನದಂಡದ ಪ್ರಕಾರ ಹೊಸ ಡಾಟ್ 4 ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ನೀರು ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಡಾಟ್ 3ಕ್ಕೆ 205 ಮತ್ತು 140. ಮಲೆನಾಡಿನ ತೇವದಲ್ಲಿ ವರ್ಷಗಟ್ಟಲೆ ಬಿಟ್ಟರೆ ಏನಾಗುತ್ತದೆ ನೀವೇ ಯೋಚಿಸಿ. ಕುದಿಯುವುದು ಒಂದು ಕಡೆ, ಆ ನೀರು ಒಳಗಿಂದ ಪಿಸ್ಟನ್ನಿಗೂ ಸಿಲಿಂಡರಿಗೂ ತುಕ್ಕು ಹಿಡಿಸುವುದು ಇನ್ನೊಂದು ಕಡೆ.

ಅಂಗಡಿಯಲ್ಲಿ ಡಾಟ್ 5 ಕೊಟ್ಟರೆ ತರಬೇಡಿ. ಅದು ಸಿಲಿಕೋನ್, ಇದರ ಜೊತೆ ಬೆರೆಯುವುದಿಲ್ಲ. ಡಾಟ್ 5.1 ಬೇರೆ, ಅದು ಗ್ಲೈಕಾಲೇ. ಮಾಸ್ಟರ್ ಸಿಲಿಂಡರ್ ಮುಚ್ಚಳದ ಮೇಲೆ ಯಾವುದೆಂದು ಅಚ್ಚು ಹಾಕಿರುತ್ತಾರೆ, ಅದನ್ನೇ ಹಾಕಿ.

ಮಣ್ಣುದಾರಿ
ಪಿಸ್ಟನ್ ತೆಗೆಯೋಕೆ ಪಂಕ್ಚರ್ ಅಂಗಡಿ ಗಾಳಿ ಕೊಡಿಸಿ. ಟಪ್ ಅಂತ ಹೊರಗೆ ಬರುತ್ತೆ. ನಾನು ಹಾಗೇ ಮಾಡೋದು.

ಹಾಸನ_ಸ್ಪ್ಯಾನರ್
ಟಪ್ ಅಂತ ಬೆರಳೂ ಹೋಗುತ್ತೆ ಬ್ರದರ್. ಕಂಪ್ರೆಸರ್ ಗಾಳಿಗೆ ಪಿಸ್ಟನ್ ಗುಂಡಿನ ಹಾಗೆ ಹಾರುತ್ತೆ. ಹೋಸ್ ಬಿಚ್ಚೋಕೆ ಮುಂಚೆ ಪೆಡಲ್‌ನಿಂದಲೇ ನಿಧಾನಕ್ಕೆ ಒತ್ತಿ ಒತ್ತಿ ಹೊರಗೆ ತಳ್ಳಿ, ಕೆಳಗೆ ತಟ್ಟೆ ಇಡಿ. ಆಯಿಲ್ ಒತ್ತಡದಲ್ಲಿ ಅದು ಹಾರಲ್ಲ, ಇಂಚಿಂಚೇ ಬರುತ್ತೆ. ಆದ್ರೆ ಕಾಫಿಗಿಡ ಅವ್ರದ್ದು ಪಾರ್ಕಿಂಗ್ ಯಾಂತ್ರಿಕ ಇರೋ ಕ್ಯಾಲಿಪರ್. ಅಡ್ಜಸ್ಟರ್ ಭಾಗ ಹೇಗೆ ಕೂತಿದೆ ಅಂತ ಬಿಚ್ಚೋಕೆ ಮುಂಚೆ ಫೋಟೋ ಹೊಡ್ಕೊಳ್ಳಿ.

ಮಣ್ಣುದಾರಿ
ಬಟ್ಟೆ ಸುತ್ತಿ ಮರದ ತುಂಡು ಅಡ್ಡ ಇಟ್ಟು ಕಮ್ಮಿ ಗಾಳಿ ಕೊಟ್ರೆ ಏನೂ ಆಗಲ್ಲ. ಎಲ್ಲಾ ಗ್ಯಾರೇಜಲ್ಲೂ ಅದೇ ಮಾಡೋದು.

ಹಾಸನ_ಸ್ಪ್ಯಾನರ್
ಗ್ಯಾರೇಜಲ್ಲಿ ಕೈ ಪಳಗಿರುತ್ತೆ. ಇವ್ರು ಮೊದಲ ಸಲ ಮಾಡ್ತಿರೋದು. ಕಣ್ಣಿಗೆ ಬ್ರೇಕ್ ಆಯಿಲ್ ಹಾರಿದ್ರೆ ಯಾರು ಜವಾಬ್ದಾರಿ?

ಉತ್ತರದ_ಗಾಳಿ
ಇಬ್ಬರೂ ತಂಪಾಗ್ರಿ. ಪೆಡಲ್ಲಿಂದ ಬಂದ್ರ ಪೆಡಲ್, ಬರದಿದ್ರ ಆಮ್ಯಾಲೆ ಗಾಳಿ ವಿಚಾರ. ಮುಗೀತಲ್ಲ.

ಮೂಡಿಗೆರೆಯವಳು
ಬ್ರೇಕ್ ಆಯಿಲ್ ಟ್ಯಾಂಕ್ ಮೇಲೆ, ಫೆಂಡರ್ ಮೇಲೆ ಬಿದ್ರೆ ತಕ್ಷಣ ನೀರು ಹಾಕಿ. ಪೇಂಟ್ ಪದರ ಪದರ ಎದ್ದು ಬರುತ್ತೆ.

ಮಿನ್ನೆಸೋಟಾ_ಕನ್ನಡಿಗ
ಪಿಸ್ಟನ್ ಹಿಂದೆ ಸರಿಯೋದು ಹೇಗೆ ಅಂತ ಬಹಳ ಜನಕ್ಕೆ ಗೊತ್ತಿಲ್ಲ, ಅದನ್ನ ಹೇಳಿಬಿಡ್ತೀನಿ. ಡಿಸ್ಕ್ ಬ್ರೇಕಲ್ಲಿ ಪಿಸ್ಟನ್ನನ್ನ ಹಿಂದೆ ಎಳೆಯೋಕೆ ಸ್ಪ್ರಿಂಗ್ ಇರಲ್ಲ. ಒಳಗೆ ಚೌಕ ಅಂಚಿನ ಒಂದು ರಬ್ಬರ್ ಸೀಲ್ ಇರುತ್ತೆ. ಬ್ರೇಕ್ ಒತ್ತಿದಾಗ ಪಿಸ್ಟನ್ ಜೊತೆ ಅದೂ ಸ್ವಲ್ಪ ತಿರುಚ್ಕೊಳ್ಳುತ್ತೆ, ಬಿಟ್ಟಾಗ ಮೊದಲಿನ ಆಕಾರಕ್ಕೆ ಬರ್ತಾ ಪಿಸ್ಟನ್ನನ್ನ ಕೂದಲೆಳೆಯಷ್ಟು ಹಿಂದಕ್ಕೆ ಎಳ್ಕೊಳ್ಳುತ್ತೆ. ಇಡೀ ಬ್ರೇಕ್ ಬಿಡೋದು ಆ ಸೀಲಿನ ಮೇಲೇ ನಿಂತಿದೆ.

ಹಾಗಾಗಿ ಸೀಲ್ ತೆಗೆದು ಅದು ಕೂರೋ ಕಾಲುವೆ ನೋಡಿ. ಅಲ್ಯೂಮಿನಿಯಂ ತುಕ್ಕು ಬಿಳಿ ಪುಡಿ ತರ ಅಲ್ಲಿ ಗಟ್ಟಿಯಾಗಿ ಕೂತಿರುತ್ತೆ. ಅದು ಹಿಂದಿನಿಂದ ಸೀಲನ್ನ ತಳ್ಳಿ ಪಿಸ್ಟನ್ ಮೇಲೆ ಬಿಗಿ ಮಾಡುತ್ತೆ. ಹೊಸ ಸೀಲ್ ಹಾಕಿದ್ರೂ ಬ್ರೇಕ್ ಬಿಡಲ್ಲ ಅನ್ನೋರ ಸಮಸ್ಯೆ ಬಹುತೇಕ ಇದೇ. ಸ್ಕ್ರೂಡ್ರೈವರಲ್ಲಿ ಕೆರೀಬೇಡಿ, ಗೀಚು ಬಿದ್ರೆ ಸೋರುತ್ತೆ. ಬಿದಿರಿನ ಕಡ್ಡಿ ಚೂಪು ಮಾಡ್ಕೊಳ್ಳಿ, ಅಥವಾ ಹಿತ್ತಾಳೆ ಬ್ರಷ್.

ಮೆಟ್ರಿಕ್_ಪಾನಾ
ಸರಿಯಾದ ವಿವರಣೆ. ಸೇರಿಸುವುದು ಒಂದೇ: ಸೀಲಿನ ರಬ್ಬರಿಗೆ ಪೆಟ್ರೋಲ್, ಡೀಸೆಲ್, ಸೀಮೆಎಣ್ಣೆ, ಎಂಜಿನ್ ಆಯಿಲ್, ಸಾಮಾನ್ಯ ಗ್ರೀಸ್ ಆಗದು. ಊದಿಕೊಳ್ಳುತ್ತದೆ. ಊದಿದ ಸೀಲ್ ಪಿಸ್ಟನ್ನನ್ನು ಬಿಡುವುದಿಲ್ಲ. ತೊಳೆಯಲು ಬ್ರೇಕ್ ಕ್ಲೀನರ್ ಸ್ಪ್ರೇ ಬಳಸಿ, ಇಲ್ಲವೇ ಹೊಸ ಬ್ರೇಕ್ ಆಯಿಲ್ಲೇ ಸಾಕು.

ಸುಮ್ನೆ_ಓದುವವ
ಹಾಗಾದ್ರೆ ಪಿನ್‌ಗೆ ಯಾವ ಗ್ರೀಸ್? ನಮ್ಮ ಮೆಕ್ಯಾನಿಕ್ ಬೇರಿಂಗ್ ಗ್ರೀಸೇ ಹಾಕ್ತಾರೆ.

ಮೆಟ್ರಿಕ್_ಪಾನಾ
ಸಿಲಿಕೋನ್ ಗ್ರೀಸ್. ಬೇರಿಂಗ್ ಗ್ರೀಸ್ ಮೊದಮೊದಲು ಚೆನ್ನಾಗಿರುತ್ತದೆ, ಆಮೇಲೆ ಬೂಟ್ ಉಬ್ಬಿ ಪಿನ್ನನ್ನೇ ಕಚ್ಚಿ ಹಿಡಿಯುತ್ತದೆ. ತೆಳ್ಳಗೆ ಸವರಿ. ರಂಧ್ರದ ತಳದಲ್ಲಿ ತುಂಬಿದರೆ ಪಿನ್ ಒಳಗೆ ಹೋಗುವಾಗ ಗಾಳಿ, ಗ್ರೀಸ್ ಸಿಕ್ಕಿ ಅದೇ ಹಿಂದಕ್ಕೆ ತಳ್ಳುತ್ತದೆ.

ಉತ್ತರದ_ಗಾಳಿ
ಸಿಲಿಕೋನ್ ಗ್ರೀಸ್ ನಮ್ಮೂರಾಗ ಸಿಗಂಗಿಲ್ಲ ಅನ್ನೋರಿಗೆ: ಕಾರ್ ಸ್ಪೇರ್ ಪಾರ್ಟ್ಸ್ ಅಂಗಡ್ಯಾಗ ಕ್ಯಾಲಿಪರ್ ರಬ್ಬರ್ ಕಿಟ್ ಜೋಡಿ ಸಣ್ಣ ಪಾಕೀಟ್ ಬರ್ತದ, ಕೇಳಿ ನೋಡ್ರಿ.

ಕಾಫಿಗಿಡ
ಪಿನ್ ಬಂತು! ರಾತ್ರಿ ಎಣ್ಣೆ ಬಿಟ್ಟು ಬೆಳಿಗ್ಗೆ ತಿರುಗಿಸ್ತಾ ಎಳೆದೆ. ಬೂಟ್ ಒಂದು ಕಡೆ ಸೀಳಿತ್ತು. ಒಳಗೆ ಕೆಮ್ಮಣ್ಣು ತುಕ್ಕು ಸೇರಿ ಗಾರೆ ತರ ಕೂತಿತ್ತು, ಪಿನ್ ಮಧ್ಯಭಾಗ ಗುಳಿ ಗುಳಿ. ಮೇಲಿನ ಪಿನ್ ಪರವಾಗಿಲ್ಲ.

ಪಿಸ್ಟನ್ ಪೆಡಲ್‌ನಿಂದಲೇ ಬಂತು, ಗಾಳಿ ಬೇಕಾಗ್ಲಿಲ್ಲ. ಸೀಲಿನ ಕಾಲುವೆಯಲ್ಲಿ ಮಿನ್ನೆಸೋಟಾದವ್ರು ಹೇಳಿದ ಬಿಳಿ ಪುಡಿ ಇದ್ದೇ ಇತ್ತು. ಉಗುರಲ್ಲಿ ಕೆರೆದ್ರೆ ಬರಲ್ಲ, ಬಿದಿರು ಕಡ್ಡಿಯಲ್ಲಿ ಚೂರು ಚೂರೇ ಎದ್ದು ಬಂತು. ಪಿಸ್ಟನ್ ಹೊರ ತುದಿಯಲ್ಲಿ ಕಂದು ಕಲೆ ಇದೆ, ಸೀಲ್ ಕೂರೋ ಜಾಗ ನುಣ್ಣಗಿದೆ. ಎಮರಿ ಹಾಕ್ಲಾ?

ಹಾಸನ_ಸ್ಪ್ಯಾನರ್
ಒರಟು ಎಮರಿ ಬೇಡ. ಮೇಲಿನ ಲೇಪ ಹೋದ್ರೆ ಪಿಸ್ಟನ್ ಗುಜರಿಗೆ. ಕಲೆ ಮಾತ್ರ ಆಗಿದ್ರೆ ನಯವಾದ ಸ್ಕ್ರಬ್ ಪ್ಯಾಡ್, ಬ್ರೇಕ್ ಆಯಿಲ್ ಹಾಕಿ ತಿಕ್ಕಿ. ಉಗುರು ಅಡ್ಡಡ್ಡ ಆಡಿಸಿ, ಗುಳಿ ತಾಗಿದ್ರೆ ಪಿಸ್ಟನ್ ಬದಲಾಯಿಸಿ. ಸೀಲ್ ಕಿಟ್ ಹೊಸದೇ ಹಾಕಿ, ಹಳೇದು ಎಷ್ಟೇ ಚೆನ್ನಾಗಿ ಕಂಡ್ರೂ.

ಪಿನ್ ಹೊಸದು ಸಿಗದಿದ್ರೆ ಲೇತ್‌ನವರ ಹತ್ರ ಮಾಡಿಸ್ಬಹುದು. ಆದ್ರೆ ಅಳತೆ ಹಳೇ ಪಿನ್ ಸವೆಯದ ಜಾಗದಿಂದ ತಗೊಳ್ಳಿ, ಗುಳಿ ಬಿದ್ದ ಕಡೆಯಿಂದಲ್ಲ. ಉಕ್ಕು ಸ್ಟೇನ್‌ಲೆಸ್ ಆದ್ರೆ ಒಳ್ಳೇದು.

ಮಿನ್ನೆಸೋಟಾ_ಕನ್ನಡಿಗ
ಬ್ರೇಕಿಗೆ ಲೇತ್ ಪಿನ್ನಾ? ನಾನಂತೂ ಮಾಡಿಸಲ್ಲ.

ಹಾಸನ_ಸ್ಪ್ಯಾನರ್
ನಿಮ್ಮಲ್ಲಿ ಎರಡು ದಿನಕ್ಕೆ ಪೆಟ್ಟಿಗೆ ಮನೆ ಬಾಗಿಲಿಗೆ ಬರುತ್ತೆ ಸಾರ್. ಇಲ್ಲಿ ಮಾದರಿ ನಂಬರ್ ಹೇಳಿದ್ರೆ ಅಂಗಡಿಯವ್ರು ಮುಖ ನೋಡ್ತಾರೆ. ಆದ್ರೂ ಒಂದು ಒಪ್ತೀನಿ: ಪಿನ್‌ಗೆ ಥ್ರೆಡ್ ಇದ್ದು ಅದೇ ಕ್ಯಾಲಿಪರನ್ನ ಹಿಡಿದಿಡೋ ಬೋಲ್ಟೂ ಆಗಿದ್ರೆ ಲೇತ್ ಬೇಡ. ಬರೀ ಜಾರೋ ಪಿನ್ ಆಗಿದ್ರೆ ಒಳ್ಳೆ ಕೈ ಸಿಕ್ಕಿದ್ರೆ ನಡೆಯುತ್ತೆ.

ಕುಡ್ಲದ_ಗೇರ್
ಹಳೇ ಪಿನ್ ಹಿಡ್ಕೊಂಡು ದೊಡ್ಡ ಬೈಕ್ ಪಾರ್ಟ್ಸ್ ಅಂಗಡಿಗೆ ಹೋಗಿ. ಎಟಿವಿ ಪಿನ್ ಅಂತ ಕೇಳಿದ್ರೆ ಇಲ್ಲ ಅಂತಾರೆ, ಪಿನ್ ತೋರಿಸಿದ್ರೆ ಯಾವುದೋ ಬೈಕಿಂದು ಅಳತೆಗೆ ಕೂತ್ರೂ ಕೂತೀತು. ವರ್ನಿಯರ್ ತಗೊಂಡು ಹೋಗಿ ಮಾತ್ರ.

ಸುಮ್ನೆ_ಓದುವವ
ಈ ಗಾಡಿ ರೋಡಲ್ಲಿ ಓಡಿಸಬಹುದಾ? ಅಂಗಡಿಗೇ ಅದರಲ್ಲೇ ಹೋಗಬಹುದಲ್ಲ 😄

ಮೂಡಿಗೆರೆಯವಳು
ನೋಂದಣಿ ಇಲ್ಲದ ಗಾಡಿ ಸಾರ್ವಜನಿಕ ರಸ್ತೆಗೆ ಇಳಿಸೋ ಹಾಗಿಲ್ಲ. ಇಲ್ಲಿ ಮಾರೋ ಎಟಿವಿ ಬಹುತೇಕ ರಸ್ತೆಗಲ್ಲ. ಪೋಲಾರಿಸ್‌ನವರು 2021ರಲ್ಲಿ ಟ್ರ್ಯಾಕ್ಟರ್ ಅಂತ ನೋಂದಣಿ ಆಗೋ ಮಾದರಿ ಒಂದು ತಂದ್ರು, ಸ್ಪೋರ್ಟ್ಸ್‌ಮನ್ 570. ಆಗ ಬೆಲೆ ಎಂಟು ಲಕ್ಷದ ಹತ್ರ. ಅಷ್ಟು ದುಡ್ಡಿಗೆ ಹಳೇ ಜೀಪ್ ತಗೊಂಡು ಮಿಕ್ಕಿದ್ದರಲ್ಲಿ ಗೊಬ್ಬರ ತರಬಹುದು ಅಂದ್ರು ನಮ್ಮಪ್ಪ.

ಉತ್ತರದ_ಗಾಳಿ
ನಿಮ್ಮಪ್ಪಾಜಿ ಶಾಣ್ಯಾ ಅದಾರ.

ಮಣ್ಣುದಾರಿ
ಜೀಪು ಮತ್ತು ಎಟಿವಿ ಹೋಲಿಸೋದೇ ತಪ್ಪು. ಕಾಫಿ ಸಾಲಿನ ನಡುವೆ ಜೀಪ್ ಹೋಗುತ್ತಾ?

ಮೂಡಿಗೆರೆಯವಳು
ಎಟಿವಿನೂ ಹೋಗಲ್ಲ, ಗಿಡ ಮುರಿಯುತ್ತೆ. ಎರಡೂ ಕೂಪು ದಾರಿಯಲ್ಲೇ ಓಡಾಡೋದು.

ಕಾಫಿಗಿಡ
ಮತ್ತೆ ನಾನೇ. ಪಿನ್ ಹಾಸನದಲ್ಲಿ ಸಿಕ್ತು, ಕುಡ್ಲದವ್ರು ಹೇಳಿದ ಉಪಾಯವೇ. ಬೈಕಿನ ಪಿನ್ ಅಳತೆ ಸರಿ ಕೂತಿತು, ಬೂಟ್ ಕೂಡ ಅದರದ್ದೇ. ಸೀಲ್ ಕಿಟ್ ಹಾಕಿದೆ, ಹೊಸ ಪ್ಯಾಡ್ ಹಾಕಿದೆ, ಡಾಟ್ 4 ಹಾಕಿ ಏರ್ ತೆಗೆದೆ. ತಣ್ಣಗಿದ್ದಾಗ ಚಕ್ರ ಒಂದು ತಳ್ಳಿಗೆ ಎರಡು ಮೂರು ಸುತ್ತು ಬರುತ್ತೆ. ಕುಣಿದುಬಿಟ್ಟೆ.

ಆದ್ರೆ ತೋಟ ಒಂದು ಸುತ್ತು ಹಾಕಿ ಬರೋದ್ರೊಳಗೆ ಮತ್ತೆ ಬಿಗಿ! ಮೊದಲಿನಷ್ಟಲ್ಲ, ಆದ್ರೂ ಬಿಗಿ. ಪೆಡಲ್ ಕಲ್ಲಿನ ಹಾಗಾಗಿದೆ, ಒಂಚೂರೂ ಆಡಲ್ಲ. ಅರ್ಧ ಗಂಟೆ ಬಿಟ್ರೆ ತಾನೇ ಸರಿಹೋಗುತ್ತೆ. ಇದೇನು ಹೊಸ ಪೀಡೆ?

ಮಣ್ಣುದಾರಿ
ನಾನು ಆಗಲೇ ಹೇಳ್ಬೇಕು ಅಂದ್ಕೊಂಡೆ, ಮಾಸ್ಟರ್ ಸಿಲಿಂಡರ್.

ಸುಮ್ನೆ_ಓದುವವ
ಹೇಳ್ಲಿಲ್ವಲ್ಲ.

ಹಾಸನ_ಸ್ಪ್ಯಾನರ್
ಬಿಸಿ ಇದ್ದಾಗ ನಿಪ್ಪಲ್ ಬಿಚ್ಚಿ ನೋಡಿ. ಹುಷಾರು, ಆಯಿಲ್ ಕಾದಿರುತ್ತೆ, ಟ್ಯೂಬ್ ಹಾಕ್ಕೊಳ್ಳಿ, ಕನ್ನಡಕ ಹಾಕ್ಕೊಳ್ಳಿ. ಈ ಸಲ ಪಿಚಕ್ ಅನ್ನುತ್ತೆ ಅಂತ ನನ್ನ ಲೆಕ್ಕ.

ಕಾಫಿಗಿಡ
ಪಿಚಕ್ ಅಂತು. ಚಕ್ರ ತಕ್ಷಣ ಫ್ರೀ.

ಮೆಟ್ರಿಕ್_ಪಾನಾ
ಮಾಸ್ಟರ್ ಸಿಲಿಂಡರ್ ಒಳಗೆ ಸೂಜಿಮೊನೆಯಷ್ಟು ಸಣ್ಣ ರಂಧ್ರವೊಂದಿದೆ. ಪೆಡಲ್ ಬಿಟ್ಟಾಗ ಅದು ತೆರೆದಿರಬೇಕು. ಬಿಸಿಗೆ ಹಿಗ್ಗಿದ ಆಯಿಲ್ ಅದರ ಮೂಲಕ ಮೇಲಿನ ಡಬ್ಬಿಗೆ ವಾಪಸ್ ಹೋಗುತ್ತದೆ. ಅದು ಮುಚ್ಚಿದ್ದರೆ ಹಿಗ್ಗಿದ ಆಯಿಲ್‌ಗೆ ಹೋಗಲು ಜಾಗವಿಲ್ಲ, ಪಿಸ್ಟನ್ನನ್ನೇ ತಳ್ಳುತ್ತದೆ. ಪ್ಯಾಡ್ ಉಜ್ಜುತ್ತದೆ, ಇನ್ನಷ್ಟು ಬಿಸಿ, ಇನ್ನಷ್ಟು ಹಿಗ್ಗುತ್ತದೆ. ಕೊನೆಗೆ ಬ್ರೇಕ್ ತಾನೇ ಹಿಡಿದುಕೊಳ್ಳುತ್ತದೆ.

ರಂಧ್ರ ಮುಚ್ಚುವುದಕ್ಕೆ ಎರಡು ಕಾರಣ. ಹಳೇ ಆಯಿಲ್ ಹೆಪ್ಪುಗಟ್ಟಿ ಕಟ್ಟಿರಬಹುದು. ಅಥವಾ ಪೆಡಲ್ಲಿಗೆ ಸಡಿಲವೇ ಇಲ್ಲದೆ, ತಳ್ಳುವ ಕಡ್ಡಿ ಯಾವಾಗಲೂ ಒಳಗಿನ ಪಿಸ್ಟನ್ನನ್ನು ಸ್ವಲ್ಪ ಒತ್ತಿ ಹಿಡಿದಿರಬಹುದು. "ಪೆಡಲ್ ಒಂಚೂರೂ ಆಡಲ್ಲ" ಎಂದಿರಿ, ಎರಡನೆಯದನ್ನು ಮೊದಲು ನೋಡಿ.

ಕುಡ್ಲದ_ಗೇರ್
ಹೋಸ್ ಒಳಗೆ ಹರಿದು ಒಂದೇ ದಿಕ್ಕಿಗೆ ಬಿಡುವ ವಾಲ್ವ್ ಹಾಗೆ ಆಗಿದ್ರೂ ಇದೇ ಲಕ್ಷಣ ಅಲ್ವಾ?

ಹಾಸನ_ಸ್ಪ್ಯಾನರ್
ಹೌದು. ಅದನ್ನ ಬೇರೆ ಮಾಡೋದು ಹೀಗೆ: ಬಿಗಿ ಆದಾಗ ಕ್ಯಾಲಿಪರ್ ನಿಪ್ಪಲ್ ಮುಟ್ಟಬೇಡಿ, ಈ ಸಲ ಮಾಸ್ಟರ್ ಸಿಲಿಂಡರ್ ಹತ್ರದ ಹೋಸ್ ಬೋಲ್ಟನ್ನ ಒಂಚೂರು ಸಡಿಲ ಮಾಡಿ. ಚಕ್ರ ಬಿಟ್ರೆ ಮಾಸ್ಟರ್ ತಪ್ಪು. ಅಲ್ಲಿ ಸಡಿಲ ಮಾಡಿದ್ರೂ ಬಿಗಿ ಇದ್ರೆ ಹೋಸ್ ನಡುವೆ ಕಟ್ಟಿದೆ. ಸುತ್ತ ಬಟ್ಟೆ ಕಟ್ಟಿ ಮಾಡಿ. ಆಮೇಲೆ ಆ ಬೋಲ್ಟಿನ ತಾಮ್ರದ ವಾಷರ್ ಹೊಸದು ಹಾಕಿ ಮತ್ತೆ ಏರ್ ತೆಗೀಬೇಕು, ಅದಕ್ಕೇ ಪೆಡಲ್ ಸಡಿಲ ಮೊದಲು ನೋಡಿ ಅಂತಿರೋದು. ಅದಕ್ಕೆ ಬರೀ ಒಂದು ಸ್ಪ್ಯಾನರ್ ಸಾಕು.

ಕಾಫಿಗಿಡ
ಮಾಸ್ಟರ್ ಬೋಲ್ಟ್ ಮುಟ್ಟೋ ಹಾಗೇ ಆಗ್ಲಿಲ್ಲ. ಕಡ್ಡಿಯ ಲಾಕ್ ನಟ್ ನೋಡಿದ್ರೆ ಸುತ್ತ ಹಳೇ ಕೆಸರು, ಆದ್ರೆ ನಟ್ ಅಂಚಲ್ಲಿ ಹೊಸ ಸ್ಪ್ಯಾನರ್ ಗುರುತು ಹೊಳೀತಿದೆ. ಪ್ಯಾಡ್ ಸವೆದು ಪೆಡಲ್ ಕೆಳಗೆ ಹೋಗ್ತಿತ್ತು ಅಂತ ಬೇಸಿಗೆಯಲ್ಲಿ ಸರ್ವಿಸ್‌ಗೆ ಬಿಟ್ಟಿದ್ದೆ. ಅಲ್ಲಿ ಪ್ಯಾಡ್ ಬದಲಾಯಿಸೋ ಬದಲು ಕಡ್ಡಿ ಉದ್ದ ಮಾಡಿ ಪೆಡಲ್ "ಟೈಟ್" ಮಾಡಿ ಕಳಿಸಿದ್ದಾರೆ! ನಟ್ ಸಡಿಲ ಮಾಡಿ ಕಡ್ಡಿ ಹಿಂದಕ್ಕೆ ತಗೊಂಡೆ, ಪೆಡಲ್ ತುದಿ ಸ್ವಲ್ಪ ಆಡಿದ ಮೇಲೇ ಕಡ್ಡಿ ತಾಗೋ ಹಾಗೆ. ಈಗ ಡಬ್ಬಿ ಮುಚ್ಚಳ ತೆಗೆದು ಪೆಡಲ್ ಒತ್ತಿ ಬಿಟ್ರೆ ಒಳಗೆ ಸಣ್ಣ ಬುಗ್ಗೆ ಎದ್ದು ಕಾಣುತ್ತೆ.

ಹಾಸನ_ಸ್ಪ್ಯಾನರ್
ಆ ಬುಗ್ಗೆ ಕಾಣ್ತಿದೆ ಅಂದ್ರೆ ರಂಧ್ರ ತೆರೆದಿದೆ. ಮುಖ ಬಗ್ಗಿಸಿ ನೋಡ್ಬೇಡಿ, ಕಣ್ಣಿಗೆ ಹಾರುತ್ತೆ. ಆಯಿಲ್ ಡಬ್ಬಿ ಅಂಚಿನವರೆಗೆ ತುಂಬಿಸ್ಬೇಡಿ, ಮೇಲಿನ ಗೆರೆ ಮೀರಬಾರದು. ಈಗ ಪಾರ್ಕಿಂಗ್ ಅಡ್ಜಸ್ಟರ್, ಕೇಬಲ್ ವಾಪಸ್ ಸೆಟ್ ಮಾಡಿ, ಇದೇ ಕ್ರಮದಲ್ಲಿ: ಮೊದಲು ಬೋಲ್ಟ್, ಆಮೇಲೆ ಕೇಬಲ್.

ಮಣ್ಣುದಾರಿ
ಅಂತೂ ನಾನು ಹೇಳಿದ್ದೇ ಆಯ್ತು.

ಉತ್ತರದ_ಗಾಳಿ
ಪಿನ್ನೂ ಕಚ್ಚಿತ್ತು, ಪೆಡಲ್ಲೂ ಒತ್ತಿತ್ತು. ಎರಡೂ ಪಾರ್ಟಿ ಗೆದ್ದಾವ, ಹಾಸನದವ್ರು ಚಹಾ ಕೊಡಸ್ರಿ.

ಕಾಫಿಗಿಡ
ಗಾಡಿ ಎರಡು ಸುತ್ತು ಹಾಕಿಸ್ದೆ, ಒಂದು ಸಲ ಹಿಂದೆ ಕಾಫಿ ಮೂಟೆ ಹೇರಿಕೊಂಡು. ಡಿಸ್ಕ್ ಬೆಚ್ಚಗೆ ಇದೆ, ಸುಡ್ತಿಲ್ಲ. ಪೆಡಲ್ ಬಿಟ್ಟ ತಕ್ಷಣ ಬಿಡುತ್ತೆ. ಆ ಸರ್ವಿಸ್‌ನವ್ರಿಗೆ ಫೋನ್ ಮಾಡಿ ಕೇಳ್ದೆ, "ಪೆಡಲ್ ಟೈಟ್ ಮಾಡಿ ಅಂತ ನೀವೇ ಅಂದಿದ್ರಲ್ಲ ಸಾರ್" ಅಂದ್ರು. ಇನ್ನು ಆ ಕಡೆ ತಲೆ ಹಾಕಲ್ಲ.

ಒಂದು ಅನುಮಾನ ಉಳಿದಿದೆ. ಡಿಸ್ಕ್ ಅಷ್ಟು ಕಾದಿತ್ತಲ್ಲ, ನೀಲಿ ಬಣ್ಣದ ಮಚ್ಚೆ ಬಿದ್ದಿವೆ. ಬದಲಾಯಿಸ್ಬೇಕಾ?

ಹಾಸನ_ಸ್ಪ್ಯಾನರ್
ಮಚ್ಚೆ ನೋಡಿ ಹೆದರಬೇಡಿ. ಬಿರುಕು ಇದ್ಯಾ ನೋಡಿ. ಚಕ್ರ ಎತ್ತಿ ತಿರುಗಿಸ್ತಾ ಕ್ಯಾಲಿಪರ್ ಬ್ರ್ಯಾಕೆಟ್‌ಗೆ ಒಂದು ತಂತಿ ಕಟ್ಟಿ, ತುದಿ ಡಿಸ್ಕ್ ಹತ್ರ ನಿಲ್ಲಿಸಿ. ಸಂದಿ ಒಂದು ಕಡೆ ಹೆಚ್ಚು ಒಂದು ಕಡೆ ಕಮ್ಮಿ ಕಂಡ್ರೆ ಡಿಸ್ಕ್ ಬೆಂಡ್. ದಪ್ಪ ಅಳೆದು ಡಿಸ್ಕ್ ಮೇಲೇ ಕೊರೆದಿರೋ ಕನಿಷ್ಠ ಅಳತೆ ಜೊತೆ ನೋಡಿ. ಅದಕ್ಕಿಂತ ಕಮ್ಮಿ ಇದ್ರೆ ಮಾತ್ರ ಹೊಸದು.

ಮೂಡಿಗೆರೆಯವಳು
ಮತ್ತೆ ಸ್ಕ್ರಬ್ ಪ್ಯಾಡ್ ಅಡುಗೆಮನೆಯಿಂದ ತಂದಿದ್ರೆ ವಾಪಸ್ ಇಡ್ಬೇಡಿ.

ಕಾಫಿಗಿಡ
ಇಟ್ಟಾಗಿದೆ, ಬೈಸಿಕೊಂಡೂ ಆಗಿದೆ.

ಸುಮ್ನೆ_ಓದುವವ
ನನ್ನ ಸ್ಕೂಟರ್ ಮುಂದಿನ ಡಿಸ್ಕ್ ಬ್ರೇಕ್ ಹೀಗೇ ಕೀಂಯ್ ಅಂತಿದೆ. ಇದೇ ಪಿನ್ ಸಮಸ್ಯೆನಾ?

ನಿರ್ವಾಹಕ
ಸ್ಕೂಟರ್‌ಗೆ ಬೇರೆ ಚರ್ಚೆ ತೆರೆಯಿರಿ, ಮಾದರಿ, ಎಷ್ಟು ಕಿಲೋಮೀಟರ್ ಓಡಿದೆ ಬರೆಯಿರಿ. ಡಬ್ಲ್ಯೂಡಿ-40 ಹೊಡೆದಿದ್ದರೆ ಅದನ್ನೂ ಬರೆಯಿರಿ.